ಹೆದರದವರ ಕ್ಲಾಸು

‘ಹೆದರಬ್ಯಾಡ’ ಎಂದು ಯಾರಾದರೂ ಅಂದರೆ ಸಾಕು, ಭುವನೇಶ್ವರಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮಾತನ್ನು ಪುಕ್ಕಟೆ ಹಂಚುವವರಲ್ಲಿ ಮುಕ್ಕಾಲು ಮಂದಿ ಹೆದರಬೇಕಾದ ಜಾಗದಲ್ಲಿ ಒಂದು ದಿನವೂ ನಿಂತವರಲ್ಲ ಎಂಬುದು ಅವಳ ಅನುಭವ. ಅವಳು ನಿಂತಿದ್ದಳು. ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಯ ಐಸಿಯುದಲ್ಲಿ ಆರು ವರ್ಷದಿಂದ ನರ್ಸ್ ಆಗಿದ್ದಳು. ಉಸಿರು ನಿಂತವರ ಎದೆ ಒತ್ತಿ ಒತ್ತಿ ಜೀವ ಮರಳಿ ತಂದಿದ್ದಳು. ಒಮ್ಮೆ ರೋಗಿಯ ಮನೆಯವರು ಬಡಿಗೆ ಹಿಡಿದು ಬಂದಾಗ ಡಾಕ್ಟರು ಹಿಂಬಾಗಿಲಿನಿಂದ ಕಾಣೆಯಾದರು. ಇವಳು ಮುಂಬಾಗಿಲಿಗೆ ಅಡ್ಡ ನಿಂತು, “ಚಪ್ಪಲಿ ಹೊರಗ ಬಿಡ್ರಿ, ಬಡಿಗಿನೂ ಅಲ್ಲೇ ಇಡ್ರಿ. ಒಳಗ ಇನ್ನೂ ಐದು ಮಂದಿ ಪೇಶಂಟ್ ಮಲಗ್ಯಾರ” ಎಂದಿದ್ದಳು. ಅವರು ಬಿಟ್ಟರು, ಇಟ್ಟರು.

ಅಂಥವಳು ಪರೀಕ್ಷೆಯ ಮುಂದೆ ಮಾತ್ರ ಹಸುಗೂಸು. ಹತ್ತನೆಯ ಇಯತ್ತೆಯಿಂದಲೂ ಹೀಗೆಯೇ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ತೊಳಸುವುದು, ಕೈ ನಡುಗುವುದು, ಬಾಯಿಗೆ ಬಂದದ್ದು ಪೆನ್ನಿಗೆ ಬಾರದಿರುವುದು. ಹೇಗೋ ನರ್ಸಿಂಗ್ ಮುಗಿಸಿದಳು. ಇನ್ನು ಈ ಜನ್ಮದಲ್ಲಿ ಪರೀಕ್ಷೆ ಸಾಕು ಅಂದುಕೊಂಡಿರುವಾಗ ಮಸ್ಕತ್ತಿನ ಆಸೆ ಹುಟ್ಟಿತು. ಅವಳ ಜೊತೆ ಕಲಿತ ಹುಡುಗಿಯೊಬ್ಬಳು ಅಲ್ಲಿಂದ ಫೋನು ಮಾಡಿ, “ಇಲ್ಲಿ ನರ್ಸ್ ಒಂದ್ ಮಾತ್ ಹೇಳಿದ್ರ ಡಾಕ್ಟರ್ ಕುಂತು ಕೇಳ್ತಾರಲೇ” ಅಂದಿದ್ದಳು. ಭುವನೇಶ್ವರಿಯ ದವಾಖಾನೆಯಲ್ಲಿ ಡಾಕ್ಟರು ಕುಂತು ಕೇಳುವುದು ಚಹಾ ಬಂತಾ ಎಂಬುದನ್ನಷ್ಟೇ. ಆದರೆ ಅಲ್ಲಿ ಕೆಲಸ ಮಾಡಬೇಕೆಂದರೆ ಆ ದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು.

ಮೊದಲ ಸಲ ಹುಬ್ಬಳ್ಳಿಗೆ ಹೋಗಿ ಬರೆದಾಗ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಗಡಿಯಾರ ಇಳಿಯುತ್ತ ಹೋಗುತ್ತಿತ್ತು. ಅದನ್ನು ನೋಡಿದ್ದೇ ತಡ, ಅವಳ ತಲೆಯಲ್ಲಿದ್ದದ್ದೆಲ್ಲ ಯಾರೋ ಕಸಬರಿಗೆಯಿಂದ ಗುಡಿಸಿದಂತಾಯಿತು. ಸಲಾಯಿನ್ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು ಎಂಬ ಪ್ರಶ್ನೆ. ದಿನಾ ಮಾಡುವ ಕೆಲಸ. ಪರದೆ ನೋಡುತ್ತ ಕುಳಿತಳು, ಅಷ್ಟೇ. ಕಡೆಯ ಅರ್ಧದಲ್ಲಿ ಕಣ್ಣುಮುಚ್ಚಿ ಗುಂಡಿ ಒತ್ತಿ ಬಂದಳು. ಸ್ವಲ್ಪದರಲ್ಲೇ ನಪಾಸಾದಳು.

ಆಮೇಲೆ ಶುರುವಾಯಿತು ಉಪದೇಶದ ಸುಗ್ಗಿ.

ಇಳಕಲ್ಲು ಅವಳ ಊರು, ರಜೆ ಹಾಕಿ ಅಲ್ಲಿಗೆ ಹೋದಳು. ಅಪ್ಪ ಕಾಶಪ್ಪನದು ಎರಡು ಪವರ್‌ಲೂಮಿನ ಮನೆ. ಮಗ್ಗದ ಸದ್ದಿನಲ್ಲಿ ಅವನು ಯಾರ ಮಾತಿಗೂ ಉತ್ತರ ಕೊಡದೆ ಮೂವತ್ತು ವರ್ಷ ಕಳೆದಿದ್ದ, ಹಾಗಾಗಿ ಮನೆಯಲ್ಲಿ ಕಿರಿಕಿರಿ ಮಾಡದವನು ಅವನೊಬ್ಬನೇ. ಸೋದರಮಾವ ನಿಂಗರಾಜ ಮಾತ್ರ ಹುಡುಕಿಕೊಂಡು ಬಂದ. ಅವನು ಹೈಸ್ಕೂಲಿನ ಮಾಸ್ತರಿಕೆಯಿಂದ ನಿವೃತ್ತನಾದವನು. ಕುರ್ಚಿಯಲ್ಲಿ ಕುಳಿತು ಗಿರಮಿಟ್ ತಿನ್ನುತ್ತ, “ಹೆದರಿಕಿ ಅನ್ನೂದು ಬರೇ ಮನಸಿನ ಭ್ರಮಾ ನೋಡ್ ಭುವನಾ. ನಾ ಮೂವತ್ತ್ ವರ್ಷ ಪರೀಕ್ಷಾ ಹಾಲಿನ್ಯಾಗ ನಿಂತೇನಿ, ಒಂದ್ ದಿನಾನೂ ಹೆದರಿಲ್ಲ” ಎಂದ.

“ನೀವ್ ಹೆಂಗ ಹೆದರ್ತೀರಿ ಮಾಮಾ? ಬರಿಯಾವ್ರ ಬ್ಯಾರೆ, ಕಾಯಾವ್ರ ಬ್ಯಾರೆ” ಎಂದಳು ಭುವನೇಶ್ವರಿ.

ನಿಂಗರಾಜ ಒಂದು ಮೆಣಸಿನಕಾಯಿ ಕಡಿದು, “ಇದಕ್ಕ ನೋಡು, ನಿನಗ ಅಹಂಕಾರ ಭಾಳ ಐತಿ. ಅಹಂಕಾರ ಇದ್ದವ್ರಿಗೇ ಹೆದರಿಕಿ ಬರೂದು” ಎಂದು ತೀರ್ಪು ಕೊಟ್ಟು ಎದ್ದು ಹೋದ.

ಅವ್ವ ಸಿದ್ದಲಿಂಗವ್ವ ಕಂಡಿಕೆಗೆ ನೂಲು ಸುತ್ತುತ್ತಲೇ ಎಲ್ಲ ಕೇಳಿಸಿಕೊಂಡಳು. ಮುಂದಿನ ಸೋಮವಾರವೇ ಮಗಳನ್ನು ಮಹಾಕೂಟಕ್ಕೆ ಎಳೆದೊಯ್ದಳು. ಹೊಂಡದಲ್ಲಿ ಮುಳುಗಿಸಿದಳು. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತ ಭುವನೇಶ್ವರಿ, “ಯವ್ವಾ, ಮೊದಲ ನಡುಗೂದ ನನಗ ರೋಗ, ನೀ ಮತ್ತಷ್ಟು ನಡುಗಸ್ತಿ” ಅಂದಾಗ ಸಿದ್ದಲಿಂಗವ್ವ, “ಬಾಯಿ ಮುಚ್ಚ, ದೇವರ ಮುಂದನೂ ನಿಂದು ಹಿಂಗ” ಎಂದು ಬೆನ್ನಿಗೆ ಗುದ್ದಿದಳು. ಗುಡಿಯಲ್ಲಿ ಕೈಗೆ ದಾರ ಕಟ್ಟಿದ ಅಜ್ಜನಿಗೆ ಮಸ್ಕತ್ತಿನ ಪರೀಕ್ಷೆ ಅರ್ಥವಾಗಲಿಲ್ಲ. “ಸರ್ಕಾರಿ ನೌಕರಿನಾ?” ಎಂದ. ಅಲ್ಲ ಅಂದ ಮೇಲೆ ದಾರವನ್ನು ಒಂದು ಗಂಟಿಗೇ ಮುಗಿಸಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಸಿದ್ದಲಿಂಗವ್ವ ಮಗಳ ಹೆಗಲಿಗೆ ತಲೆಯಿಟ್ಟು ಮಲಗಿದಳು. ಹಗುರವಾದದ್ದು ಅವ್ವನ ಮನಸ್ಸು. ತನ್ನ ಹೊಟ್ಟೆ ಹಾಗೇ ಇದೆ ಎಂದು ಭುವನೇಶ್ವರಿಗೆ ಗೊತ್ತಿತ್ತು.

ಬಾಗಲಕೋಟೆಗೆ ಮರಳಿದ ಮೇಲೆ ಜೊತೆಯ ನರ್ಸುಗಳು ಹೇಳಿದರೆಂದು ವಿದ್ಯಾಗಿರಿಯ ಒಂದು ಕೋಚಿಂಗ್ ಕ್ಲಾಸಿಗೆ ಸೇರಿದಳು. ಬೇಕರಿಯ ಮೇಲಿನ ಮಾಳಿಗೆಯಲ್ಲಿತ್ತು ಅದು. ನಡೆಸುವವನು ಸಿದ್ದಾರ್ಥ. ಅವನೂ ನರ್ಸಿಂಗ್ ಕಲಿತವನೇ, ಊರು ಗುಡೂರು. ಆದರೆ ಗುಡೂರಿನ ಮಾತು ಅವನ ಬಾಯಲ್ಲಿ ಮರೆತೂ ಬರುತ್ತಿರಲಿಲ್ಲ. ‘ಬನ್ನಿ, ಕುಳಿತುಕೊಳ್ಳಿ, ನೆಮ್ಮದಿಯಾಗಿ ಉಸಿರಾಡಿ’ ಎಂದು ಟಿ.ವಿ.ಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದ. ಚೈತ್ರದ ಬಿಸಿಲಿಗೆ ಬಾಗಲಕೋಟೆಯ ನಾಯಿಗಳು ಗಟಾರದಲ್ಲಿ ಮಲಗಿರುವಾಗ ಇವನು ಕರಿ ಕೋಟು ತೊಟ್ಟು ಮೈಕು ಹಿಡಿಯುತ್ತಿದ್ದ. ಇಪ್ಪತ್ತು ಜನ ಕೂರುವ ಕೋಣೆಗೆ ಮೈಕು.

ಪಾಠಕ್ಕಿಂತ ಧೈರ್ಯವೇ ಅಲ್ಲಿ ಹೆಚ್ಚು. ಔಷಧಿಗಳ ಪಾಠವನ್ನು ಫೋನು ನೋಡಿ ಗಡಗಡ ಓದಿ ಮುಗಿಸಿ, ಎಲ್ಲರನ್ನೂ ಎದ್ದು ನಿಲ್ಲಿಸಿ, “ನಾನು ಹೆದರುವುದಿಲ್ಲ! ಭಯವೇ ನನಗೆ ಹೆದರುತ್ತದೆ!” ಎಂದು ಕೂಗಿಸುತ್ತಿದ್ದ. ಕೂಗು ಕೇಳಿ ಕೆಳಗೆ ಬೇಕರಿಯವನು ಆಗಾಗ ಮೇಲೆ ಇಣುಕಿ ನೋಡುತ್ತಿದ್ದ. ಭುವನೇಶ್ವರಿ ಅದಕ್ಕೆ ‘ಹೆದರದವರ ಕ್ಲಾಸು’ ಎಂದು ಹೆಸರಿಟ್ಟಳು. ಹಿಂದಿನ ಬೆಂಚಿನ ಬಳಿ ತುಟಿ ಅಲ್ಲಾಡಿಸದೆ ನಿಂತಿರುತ್ತಿದ್ದಳು.

ಒಂದು ದಿನ ಅವಳು ಎದ್ದು ಕೇಳಿಯೇಬಿಟ್ಟಳು. “ಸರ್, ಪರೀಕ್ಷಾ ನಡದಾಗ ಕೈ ನಡುಗಾಕ ಹತ್ತಿದ್ರ ಏನ್ ಮಾಡಬೇಕ್ರಿ?”

“ನಡುಗುವುದಿಲ್ಲ ಎಂದು ನಿರ್ಧರಿಸಬೇಕು.”

“ನಿರ್ಧಾರ ಮಾಡಿದ ಮ್ಯಾಲೂ ನಡುಗಿದ್ರ?”

ಸಿದ್ದಾರ್ಥ ನಕ್ಕ. ಅವಳನ್ನು ಮುಂದಕ್ಕೆ ಕರೆದು ಎಲ್ಲರೆದುರು ನಿಲ್ಲಿಸಿದ. “ಇವರ ಮುಖ ನೋಡಿ. ಒಮ್ಮೆ ಸೋತವರು. ಸೋಲು ಎಲ್ಲಿರುತ್ತದೆ ಗೊತ್ತೇ? ಪ್ರಶ್ನೆಪತ್ರಿಕೆಯಲ್ಲಿ ಅಲ್ಲ, ಇಲ್ಲಿ!” ಎಂದು ಅವಳ ಹಣೆಯತ್ತ ಬೆರಳು ತೋರಿಸಿದ. ಮುಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೆಂದು ಅವರಿಗೂ ಗೊತ್ತಿರಲಿಲ್ಲ.

ಭುವನೇಶ್ವರಿಯ ಕಿವಿ ಬಿಸಿಯಾದವು. “ಸರ್, ನೀವ್ ಐಸಿಯುದಾಗ ಎಷ್ಟ್ ವರ್ಷ ಕೆಲಸ ಮಾಡೀರಿ?” ಎಂದಳು.

“ನಾನು ಮನಸ್ಸುಗಳ ಐಸಿಯು ನಡೆಸುತ್ತಿದ್ದೇನೆ” ಎಂದ ಸಿದ್ದಾರ್ಥ. ಮತ್ತೆ ಚಪ್ಪಾಳೆ.

“ಹಂಗಾದ್ರ ನಾ ಡಿಸ್ಚಾರ್ಜ್ ಆಕ್ಕೇನಿ” ಎಂದು ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಮತ್ತೆ ಆ ಮಾಳಿಗೆ ಹತ್ತಲಿಲ್ಲ.

ಹೊರಗೇನೋ ಜಂಬದಿಂದ ಬಂದಳು. ರೂಮಿನಲ್ಲಿ ಒಬ್ಬಳೇ ಕುಳಿತಾಗ ಅಳು ಬಂತು. ಎರಡನೆಯ ಪರೀಕ್ಷೆಯ ತಾರೀಖು ಆಗಲೇ ನಿಗದಿಯಾಗಿತ್ತು. ಮಾವನನ್ನು, ಕೋಟಿನವನನ್ನು ಅಪಹಾಸ್ಯ ಮಾಡುವುದು ಸುಲಭ. ತನ್ನ ಹೊಟ್ಟೆಗೆ ಮಾತು ಕೇಳಿಸುವುದು ಹೇಗೆ?

ಮರುದಿನ ಡ್ಯೂಟಿಯಲ್ಲಿ ಊಟದ ಹೊತ್ತಿಗೆ ಕಾಸಿಂಬಿ ಅವಳ ಎದುರು ಬಂದು ಕುಳಿತಳು. ಕಾಸಿಂಬಿ ಹೆರಿಗೆ ವಾರ್ಡಿನ ಹಿರಿಯ ನರ್ಸ್. ಅರ್ಧ ಬಾಗಲಕೋಟೆಯನ್ನು ತಾನೇ ಕೈಯಲ್ಲಿ ಹಿಡಿದು ಹೊರಗೆ ತಂದದ್ದು ಎಂಬ ಗತ್ತು ಅವಳದು. ನಾಲಿಗೆಯೂ ಅದಕ್ಕೆ ತಕ್ಕ ಹಾಗೇ ಇತ್ತು.

“ಕ್ಲಾಸ್ ಬಿಟ್ಟೆಂತಲ್ಲ? ಅಂವ ಏನ್ ಹೇಳಿದ?”

“ಹೆದರಬಾರದಂತ ನಿರ್ಧಾರ ಮಾಡ್ಬೇಕಂತ.”

ಕಾಸಿಂಬಿ ರೊಟ್ಟಿ ಮುರಿಯುತ್ತ ಮೂಗಿನಲ್ಲೇ ಗೊರಕೆ ಹೊಡೆದಂತೆ ನಕ್ಕಳು. “ಗಂಡಸರಂಗ ಮಾತಾಡ್ಯಾನ. ಹೆರಿಗಿಗೆ ಬಂದಾಕಿಗೆ ಬ್ಯಾನಿ ಬರಬಾರದಂತ ನಿರ್ಧಾರ ಮಾಡವಾ ಅಂತ ನಾವು ಹೇಳ್ತೀವೇನ? ಬರ್ತೈತಿ. ಬಂದಾಗ ಉಸರು ಹೆಂಗ ಬಿಡಬೇಕು, ಎಲ್ಲಿ ಹಿಡಕೋಬೇಕು, ಅದನ್ನ ಹೇಳಿಕೊಡ್ತೀವಿ. ನಿನಗ ವಾಂತಿ ಬರ್ತೈತಿ ಹೌದಿಲ್ಲೋ?”

“ಬರ್ತೈತಿ ಅಕ್ಕಾ.”

“ಯಾವಾಗ?”

“ಒಳಗ ಹೋಗೂದಕ್ಕ ಒಂದರ್ಧ ತಾಸ್ ಮೊದಲ.”

“ಮತ್ತ? ಟೈಮ್ ಸುದ್ದಾ ಗೊತ್ತೈತಿ. ಲಗೂನ ಹೋಗು, ವಾಂತಿ ಮಾಡಿಕೋ, ಬಾಯಿ ತೊಳಕೊಂಡ್ ಒಳಗ ಹೋಗು. ಇದರಾಗ ಅಳೂದೇನೈತಿ? ಪೇಶಂಟ್ ಹಿಂಗ ಅತ್ತಿದ್ರ ನೀನ ಬೈತಿದ್ದಿ.”

ಅಂದಿನಿಂದ ಕಾಸಿಂಬಿಯ ಮನೆಯಲ್ಲಿ ತಾಲೀಮು ಶುರುವಾಯಿತು. ಅದನ್ನು ನೋಡಿದ್ದರೆ ಸಿದ್ದಾರ್ಥ ಮೂರ್ಛೆ ಹೋಗುತ್ತಿದ್ದ. ಡ್ಯೂಟಿ ಇಲ್ಲದ ದಿನ ಭುವನೇಶ್ವರಿ ಬಂದ ಕೂಡಲೇ, “ಹತ್ತು ಮೆಟ್ಲಾ” ಎನ್ನುವಳು ಕಾಸಿಂಬಿ. ಕೆಳಗಿನಿಂದ ಮಾಳಿಗೆಯವರೆಗೆ ಹತ್ತಿ, ಇಳಿದು, ಮತ್ತೆ ಹತ್ತಿ, ಎದೆ ಡಬಡಬ ಹೊಡೆದುಕೊಳ್ಳುವಾಗ ಚಾಪೆಯ ಮೇಲೆ ಕುಳಿತು ಪ್ರಶ್ನೆಗೆ ಉತ್ತರ ಕೊಡಬೇಕು. ಎದೆ ಹಾರುವುದು ಮೈಗೆ ಹೊಸದು ಅನ್ನಿಸಬಾರದು ಎಂಬುದು ಕಾಸಿಂಬಿಯ ಉದ್ದೇಶ. ಎದುರಿಗೆ ಫೋನಿನಲ್ಲಿ ಗಡಿಯಾರ ಇಳಿಯುತ್ತಿರುತ್ತಿತ್ತು. ಪಕ್ಕದಲ್ಲಿ ಕಾಸಿಂಬಿ ಪಾತ್ರೆ ತೊಳೆಯುವಳು, ಬೇಕೆಂದೇ ತಾಟು ಬೀಳಿಸುವಳು, ಸೊಸೆಯನ್ನು ಬೈಯುವಳು. ಭುವನೇಶ್ವರಿ ಕತ್ತೆತ್ತಿದರೆ, “ನನ್ನೇನ್ ನೋಡ್ತಿ? ಆ ಪೇಶಂಟ್‌ಗೆ ಶುಗರ್ ಇಳದೈತಿ, ಸಾಯಾಕ ಹತ್ಯಾನ” ಎನ್ನುವಳು.

“ತಲಿ ಖಾಲಿ ಆತಂದ್ರ ಅಕ್ಕಾ?”

“ಖಾಲಿ ಆಗ್ಲಿ. ಆ ಪ್ರಶ್ನೆ ಬಿಟ್ಟು ಮುಂದಿನ ಬೆಡ್ಡಿಗೆ ಹೋಗು. ವಾರ್ಡಿನ್ಯಾಗ ಒಬ್ಬಾಂವ ಬಾಯಿ ಬಿಡಲಿಲ್ಲಂದ್ರ ಅಲ್ಲೇ ನಿಂದರ್ತಿ ಏನ? ರೌಂಡ್ ಮುಗಿಸ್ಕೊಂಡ್ ತಿರಗಿ ಬಾ.”

ಮೊದಮೊದಲು ಹತ್ತರಲ್ಲಿ ಅರ್ಧ ತಪ್ಪು. ಕಾಸಿಂಬಿ ಒಮ್ಮೆಯೂ ಭೇಷ್ ಅನ್ನಲಿಲ್ಲ. “ಕತ್ತಿ ಕಾಯಾಕ ಲಾಯಕ್ಕಿದ್ದಿ” ಎಂದಳು. ಹೀಗಿದ್ದರೂ ಭುವನೇಶ್ವರಿ ಅಲ್ಲಿಂದ ಹೊರಡುವಾಗ ಹಗುರಾಗಿರುತ್ತಿದ್ದಳು. ಕೈ ನಡುಗುತ್ತಲೇ ಇತ್ತು. ನಡುಗುವ ಕೈಯೂ ಸರಿಯಾದ ಗುಂಡಿ ಒತ್ತುತ್ತದೆ ಎಂಬುದು ಮೆಲ್ಲಗೆ ಗೊತ್ತಾಗತೊಡಗಿತ್ತು.

ಪರೀಕ್ಷೆಯ ದಿನ ಬಾಗಲಕೋಟೆಯಿಂದ ರೈಲು ಹಿಡಿದಳು. ಬಾದಾಮಿ ಸ್ಟೇಷನ್ನಿನಲ್ಲಿ ಹತ್ತಿದ ಕಾಲೇಜು ಹುಡುಗರು ಮಿರ್ಚಿ ತಿನ್ನುತ್ತ ಗದ್ದಲ ಹಾಕಿದರು. ಆ ಎಣ್ಣೆಯ ವಾಸನೆಗೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹುಬ್ಬಳ್ಳಿಯಲ್ಲಿ ಪರೀಕ್ಷಾ ಕೇಂದ್ರ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಕಾಸಿಂಬಿ ಹೇಳಿದಂತೆ ಬೇಗನೇ ಹೋಗಿ, ಹೇಳಿದಂತೆ ವಾಂತಿ ಮಾಡಿಕೊಂಡಳು. ಹೆಂಗಸರ ಬಚ್ಚಲಿನಿಂದ ಹೊರಬಂದು ಹೊರಗಿನ ಬೇಸಿನ್ನಿನಲ್ಲಿ ಮುಖ ತೊಳೆಯುತ್ತಿದ್ದಾಗ ಮೂಲೆಯಿಂದ ನರಳುವ ಸದ್ದು ಬಂತು.

“ಯವ್ವಾ... ಸತ್ನೆಪೋ... ಯವ್ವಾ...”

ಗಂಡಸೊಬ್ಬ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು. ಉಸಿರನ್ನು ಜೋರುಜೋರಾಗಿ ಎಳೆದೂ ಎಳೆದೂ ಎರಡೂ ಕೈಯ ಬೆರಳು ಕೋಳಿಯ ಕಾಲಿನ ಹಾಗೆ ಸೆಟೆದಿದ್ದವು. ಕರಿ ಕೋಟು ಇಲ್ಲದ್ದರಿಂದ ಗುರುತು ಹತ್ತಲು ತುಸು ಹೊತ್ತಾಯಿತು. ಹತ್ತಿದ ಮೇಲೆ ಭುವನೇಶ್ವರಿಯ ಮುಖದಲ್ಲಿ ನಗು ತಾನಾಗಿ ಅರಳಿತು. ಸಿದ್ದಾರ್ಥ ಸರ್! ಮನಸ್ಸುಗಳ ಐಸಿಯು ನಡೆಸುವವರು! ಎದೆಗೆ ಪರೀಕ್ಷೆಯ ನಂಬರಿನ ಚೀಟಿ ಬೇರೆ ಅಂಟಿಸಿಕೊಂಡಿದ್ದಾರೆ.

“ನಮಸ್ಕಾರ ಸರ್” ಎಂದಳು. “ಭಯ ನಿಮಗ ಹೆದರಾಕ ಹತ್ತೈತೇನ್ರಿ?”

ಅವನು ತಲೆಯೆತ್ತಿ ನೋಡಿದ. ಅವಳನ್ನು ಕಂಡು ಮುಖ ಇನ್ನಷ್ಟು ಬಿಳಿಚಿತು. “ಎದಿ ಒಡದ್ ಹೋಗಾಕ ಹತ್ತೈತ್ರಿ... ಕೈ ಸೆಟದಾವು... ನಾ ಸಾಯ್ತೇನೇನೋ...” ವಾರ್ತೆ ಓದುವ ಕನ್ನಡ ಎಲ್ಲಿಗೋ ಓಡಿಹೋಗಿತ್ತು. ಬಾಯಲ್ಲಿ ಉಳಿದದ್ದು ಅಪ್ಪಟ ಗುಡೂರು.

ಇನ್ನೂ ನಾಲ್ಕು ಮಾತು ಅವಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಕೈ ಅಷ್ಟರಲ್ಲೇ ಅವನ ನಾಡಿ ಹಿಡಿದಿತ್ತು. ಆರು ವರ್ಷದ ರೂಢಿ, ಮನಸ್ಸನ್ನು ಕೇಳಿ ಮಾಡುವಂಥದ್ದಲ್ಲ. ನಾಡಿ ಓಡುತ್ತಿತ್ತು, ಆದರೆ ಸಮನಾಗಿತ್ತು. ನೋವು ತೋಳಿಗೆ, ದವಡೆಗೆ ಹರಿದಿದೆಯೇ ಎಂದು ಕೇಳಿದಳು. ಇಲ್ಲ ಎಂದ.

“ಸಾಯಂಗಿಲ್ಲ ತಗೋರಿ. ಉಸರು ಎಳದೂ ಎಳದೂ ಕೈ ಸೆಟದಾವು. ಮೊದಲ ಬಾಯಿ ಮುಚ್ರಿ. ಮೂಗಿಲೆ ಮೆಲ್ಲಕ ತಗೋರಿ... ಹಾಂ. ಈಗ ತುಟಿ ಸಣ್ಣ ಮಾಡಿ ಬಿಡ್ರಿ. ಬಿಸಿ ಚಾ ಆರಸ್ತೀವಲ್ಲ, ಹಂಗ.”

ಅವನು ಆರಿಸಿದ. ಅವಳು ಅವನ ಜೊತೆ ತಾನೂ ಉಸಿರು ಬಿಡುತ್ತ ಕುಕ್ಕರಗಾಲಿನಲ್ಲಿ ಕುಳಿತಳು. ಬೆರಳುಗಳು ಒಂದೊಂದಾಗಿ ಸಡಿಲಾದವು.

“ಎಷ್ಟನೇ ಸಲ?” ಎಂದು ಕೇಳಿದಳು.

ಅವನು ನೆಲ ನೋಡುತ್ತ, “ನಾಕು” ಎಂದ. ಆಮೇಲೆ, “ಯಾರ ಮುಂದೂ ಹೇಳಬ್ಯಾಡ್ರಿ. ಕ್ಲಾಸ್ ಬಂದ್ ಆಕ್ಕೈತಿ.”

“ನಾ ಪೇಶಂಟ್ ಸುದ್ದಿ ಊರಿಗೆ ಸಾರಾಕಿ ಅಲ್ಲ. ಆದ್ರ ಸರ್, ಮೂರ್ ಸಲ ನಿಮಗ ಹಿಂಗಾಗಿದ್ರೂ ನನ್ನ ಹಣಿಗೆ ಬಟ್ಟ್ ತೋರಿಸಿದ್ರಲ್ಲ, ನಾಚಿಗಿ ಬರಲಿಲ್ಲೇನ್ರಿ ನಿಮಗ?”

ಅವನು ಗೋಡೆ ಹಿಡಿದು ಎದ್ದ. ಒಳಗಿನಿಂದ ಹೆಸರು ಕೂಗತೊಡಗಿದರು. ಅವಳು ಎದ್ದು ಸೀರೆ ಸರಿಮಾಡಿಕೊಂಡು, “ಹೆದರಬ್ಯಾಡ್ರಿ ಅನ್ನಂಗಿಲ್ಲ ನಾ. ಹೆದರ್ರಿ. ಹೆದರಕೋತನ ಬರೀರಿ” ಎಂದು ಹೇಳಿ ಒಳಗೆ ಹೋದಳು.

ಕಂಪ್ಯೂಟರಿನ ಮುಂದೆ ಕುಳಿತಾಗ ಗಡಿಯಾರ ಮೂಲೆಯಲ್ಲಿ ಹಾಜರಿತ್ತು. ಕೈ ನಡುಗಿತು. ಏಳನೆಯದೋ ಎಂಟನೆಯದೋ ಪ್ರಶ್ನೆಗೆ ತಲೆ ಖಾಲಿಯಾಯಿತು. ಹಳೆಯ ಗಾಬರಿ ಕತ್ತಿನವರೆಗೆ ಏರಿತು. ಏರಲಿ ಎಂದು ಮುಂದಿನ ಬೆಡ್ಡಿಗೆ ಹೋದಳು. ಅಲ್ಲಿ ಆಪರೇಷನ್ ಆದವನೊಬ್ಬನಿಗೆ ನಾಡಿ ಏರಿ ಬಿ.ಪಿ. ಇಳಿಯುತ್ತಿತ್ತು. ಅಂಥವನನ್ನು ಹೋದ ವಾರವಷ್ಟೇ ಅವಳು ನೋಡಿದ್ದಳು, ಅವನ ಹೆಂಡತಿಯ ಮುಖ ಸಹಿತ ನೆನಪಿತ್ತು. ಒತ್ತಿದಳು. ಮುಂದಿನದು. ಮುಂದಿನದು. ನಡುವೆ ಒಮ್ಮೆ ಬಲಗಡೆ ನೋಡಿದಾಗ ಸಿದ್ದಾರ್ಥ ಪರದೆಗೆ ಕಣ್ಣು ನೆಟ್ಟು ತುಟಿ ಸಣ್ಣ ಮಾಡಿಕೊಂಡು ಚಹಾ ಆರಿಸುತ್ತಿದ್ದ. ಇನ್ನೊಮ್ಮೆ ನೋಡಿದಾಗ ಕುರ್ಚಿ ಖಾಲಿ ಇತ್ತು. ಎದ್ದು ಹೋಗಿಬಿಟ್ಟಿದ್ದ. ಅವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬಿಟ್ಟುಬಂದಿದ್ದ ಪ್ರಶ್ನೆಗೆ ತಿರುಗಿ ಹೋದಳು. ಈ ಸಲ ಅದು ಬಾಯಿ ಬಿಟ್ಟಿತು.

ಪಾಸಾದಳು. ಅಂಥ ದೊಡ್ಡ ಅಂಕವೇನಲ್ಲ, ಪಾಸಿಗೆ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚು. ಫೋನಿನಲ್ಲಿ ಸುದ್ದಿ ಕೇಳಿ ಸಿದ್ದಲಿಂಗವ್ವ, “ಮಹಾಕೂಟೇಶ್ವರ ಕಣ್ಣ ಬಿಟ್ಟ” ಎಂದು ಅತ್ತಳು. ನಿಂಗರಾಜ, “ನಾ ಹೇಳಿರಲಿಲ್ಲಾ? ಬರೇ ಭ್ರಮಾ” ಎಂದ. ಇಬ್ಬರಿಗೂ ಅವಳು ಹೂಂ ಅಂದಳು. ಕಾಸಿಂಬಿ ಮಾತ್ರ, “ಎಷ್ಟ್ ಸಲ ವಾಂತಿ ಆತು?” ಎಂದು ಕೇಳಿದಳು.

ಹದಿನೈದು ದಿನ ಕಳೆದಿರಬೇಕು, ಒಂದು ಸಂಜೆ ಕಾಸಿಂಬಿಯ ಫೋನು. “ಏ ಧೀರೆ, ಲಗೂ ವಿದ್ಯಾಗಿರಿಗೆ ಬಾ. ನಿನ್ನ ತಲಿ ಮ್ಯಾಲ ಕಾಗಿ ಕುಂತೈತಿ.”

ಹೋಗಿ ನೋಡಿದರೆ ಬೇಕರಿಯ ಮುಂದಿನ ಲೈಟು ಕಂಬಕ್ಕೆ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಭುವನೇಶ್ವರಿಯ ಮುಖ. ಕ್ಲಾಸಿನ ಗುಂಪು ಫೋಟೋದಿಂದ ಕತ್ತರಿಸಿದ್ದು. ಕತ್ತಿನ ಕೆಳಗೆ ಯಾರದೋ ಮೈ, ಅದಕ್ಕೆ ಬಿಳಿ ಕೋಟು, ಕೈಕಟ್ಟಿ ನಿಂತ ಭಂಗಿ. ‘ಭಯವನ್ನು ಮೆಟ್ಟಿ ನಿಂತ ಧೀರೆ! ನಮ್ಮ ಧೈರ್ಯ ತರಬೇತಿಯ ಫಲ!’ ಎಂದು ಬರೆದಿತ್ತು. ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ಸಿದ್ದಾರ್ಥ, ಕರಿ ಕೋಟಿನಲ್ಲಿ, ಆಕಾಶ ನೋಡುತ್ತಿದ್ದ.

ಅವಳು ನೇರ ಮೆಟ್ಟಿಲು ಹತ್ತಿದಳು. ಕ್ಲಾಸು ತುಂಬಿತ್ತು. ಅವಳನ್ನು ಬಾಗಿಲಲ್ಲಿ ಕಂಡಾಗ ಸಿದ್ದಾರ್ಥ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಕಲಿತ ವಿದ್ಯೆ ಕೈಬಿಡಲಿಲ್ಲ. “ಬನ್ನಿ ಬನ್ನಿ! ನೋಡಿ ವಿದ್ಯಾರ್ಥಿಗಳೇ, ಸಾಧಕಿಯೇ ನಮ್ಮ ನಡುವೆ ಬಂದಿದ್ದಾರೆ! ಎರಡು ಸ್ಫೂರ್ತಿಯ ಮಾತು ಆಡುತ್ತಾರೆ” ಎಂದ. ಚಪ್ಪಾಳೆ ಬಿತ್ತು. ಮೈಕು ಕೊಡುವಾಗ ಅವನ ಕಣ್ಣು ಅವಳ ಕಣ್ಣನ್ನು ಬೇಡಿಕೊಳ್ಳುತ್ತಿತ್ತು.

ಹೇಳಿಬಿಡಬೇಕೆಂದೇ ಅವಳು ಹತ್ತಿ ಬಂದದ್ದು. ಬೇಸಿನ್ನು, ಸೆಟೆದ ಬೆರಳು, ಯವ್ವಾ ಸತ್ನೆಪೋ, ಎಲ್ಲವನ್ನೂ. ಮೈಕು ಹಿಡಿದು ನೋಡಿದಳು. ಮುಂದಿನ ಸಾಲಿನಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಯಾಕೆ ಹಾಗೆ ಇಟ್ಟುಕೊಳ್ಳುತ್ತಾರೆ ಎಂಬುದು ಭುವನೇಶ್ವರಿಗೆ ಚೆನ್ನಾಗಿ ಗೊತ್ತು.

“ನಾ ಏನೂ ಮೆಟ್ಟಿಲ್ಲ” ಎಂದಳು. “ಪರೀಕ್ಷಾ ದಿನ ಮುಂಜಾನಿ ವಾಂತಿ ಮಾಡಿಕೊಂಡ್ ಹೋಗೇನಿ. ಮುಗಿಯೂತನ ಕೈ ನಡಗ್ಯಾವು. ಹೆದರಿಕೊಂತನ ಬರದೇನಿ, ಹೆದರಿಕೊಂತನ ಪಾಸ್ ಆಗೇನಿ. ಹೊರಗ ಕಂಬಕ್ಕ ಕಟ್ಟಿದ್ದು ಸುಳ್ಳ. ಆ ಮೈನೂ ನಂದಲ್ಲ.”

ಯಾರೋ ಕಿಸಕ್ಕೆಂದರು. ತೆಳ್ಳಗಿನ ಹುಡುಗಿ ಮೆಲ್ಲಗೆ ಕೇಳಿದಳು: “ಅಕ್ಕಾರ, ಹಂಗಾದ್ರ ಹೆದರಿದವ್ರೂ ಪಾಸ್ ಆಗ್ತಾರೇನ್ರಿ? ಸರ್ ಆಗಂಗಿಲ್ಲಂತ ಹೇಳ್ಯಾರ.”

“ಅದನ್ನ ನಿಮ್ಮ ಸರನ್ನ ಕೇಳ್ರಿ. ಅವ್ರಿಗೆ ಹೆದರಿಕಿ ಆಕ್ಕೈತೋ ಇಲ್ಲೋ, ಅದನ್ನೂ ಕೇಳ್ರಿ.”

ಎಲ್ಲರೂ ಸಿದ್ದಾರ್ಥನ ಕಡೆ ತಿರುಗಿದರು. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಭುವನೇಶ್ವರಿ ಕಾದಳು. ಒಂದೇ ಒಂದು ಮಾತು ಸಾಕಾಗಿತ್ತು, ಹೌದು ಎಂದರೆ ಸಾಕಿತ್ತು. ಅಂದಿದ್ದರೆ ಅವಳು ಫ್ಲೆಕ್ಸನ್ನು ಕಂಬದ ಮೇಲೇ ಬಿಟ್ಟು ಹೋಗುತ್ತಿದ್ದಳೇನೋ. ಅವನು ಕೋಟಿನ ಗುಂಡಿ ಹಾಕಿಕೊಂಡ.

“ಸಮಯ ಮೀರಿತು” ಎಂದ. “ಬನ್ನಿ, ಎಲ್ಲರೂ ಸಾಧಕಿಯ ಜೊತೆ ಒಂದು ಫೋಟೋ ತೆಗೆದುಕೊಳ್ಳೋಣ.”

ಭುವನೇಶ್ವರಿ ಮೈಕನ್ನು ಮೇಜಿನ ಮೇಲಿಟ್ಟಳು. ಅವನಿಗಷ್ಟೇ ಕೇಳುವಂತೆ, “ಅವತ್ತ್ ನೆಲದ ಮ್ಯಾಲ ಕುಂತಾಗ ನೀವ್ ಮನಶ್ಯಾರಂಗ ಕಂಡಿದ್ರಿ” ಎಂದು ಹೇಳಿ ಹೊರಬಿದ್ದಳು. ಕೆಳಗೆ ಬೇಕರಿಯವನ ಬಳಿ ಚಾಕು ಇಸಿದುಕೊಂಡು ಕಂಬದ ದಾರ ಕುಯ್ದಳು. ಫ್ಲೆಕ್ಸ್ ದಡಾರನೆ ಬಿತ್ತು. ಬೇಕರಿಯವನು, “ಹಿಂದ ಒಲಿ ಕಡೆ ತಗಡ ಸೋರ್ತೈತ್ರಿ ಅಕ್ಕಾರ, ಮ್ಯಾಲ ಹೊದಸ್ಲೇನ್ರಿ?” ಎಂದ. ಹೊದಿಸಿಕೋ ಎಂದಳು.

ಹಿಂದೆ ಚಪ್ಪಲಿಯ ಸದ್ದಾಯಿತು. ಅದೇ ತೆಳ್ಳಗಿನ ಹುಡುಗಿ ಮೆಟ್ಟಿಲಿಳಿದು ಓಡಿ ಬಂದಿದ್ದಳು. ಹೆಸರು ದುರ್ಗವ್ವ, ಹುನಗುಂದದವಳು, ಮುಂದಿನ ತಿಂಗಳು ಪರೀಕ್ಷೆ.

“ಅಕ್ಕಾರ, ನನಗ ಉಸರ ಸಿಗಂಗಿಲ್ರಿ. ಮೂರ್ ದಿನಾತು ಅನ್ನ ಸೇರವಲ್ದು. ಏನ್ ಮಾಡ್ಲಿ?”

ಭುವನೇಶ್ವರಿ ಅವಳನ್ನು ಬೇಕರಿಯ ಕಟ್ಟೆಯ ಮೇಲೆ ಕೂರಿಸಿದಳು. ಕೂತ ಕೂಡಲೇ ಹುಡುಗಿಯ ಕೈಗಳು ಮತ್ತೆ ತೊಡೆಯ ಕೆಳಗೆ ಸೇರಿದವು. “ಮೊದಲ ಕೈ ಹೊರಗ ತಗಿ. ಮುಂದ ಚಾಚು.”

ದುರ್ಗವ್ವ ಚಾಚಿದಳು. ಎರಡೂ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ನಾಚಿಕೆಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಹೋದಳು.

“ಇರ್ಲಿ, ಹಂಗ ಇಡು. ಅವು ನಡಗ್ಲಿ. ನೀ ನನ್ನ ನೋಡು. ಪೇಶಂಟ್‌ಗೆ ರಕ್ತ ಹಚ್ಚಿದ್ದಿ. ಹತ್ತ್ ನಿಮಿಷಕ್ಕ ಅಂವ ಚಳಿ ಅಂತಾನ, ಗಡಗಡ ನಡಗ್ತಾನ. ಮೊದಲ ಏನ್ ಮಾಡ್ತಿ?”

“ರಕ್ತ ಬಂದ್ ಮಾಡ್ತೇನ್ರಿ.”

“ಆಮ್ಯಾಲ?”

“ಸೂಜಿ ತಗಿಯಂಗಿಲ್ರಿ. ಹೊಸಾ ನಳಿಗಿಲೆ ಸಲಾಯಿನ್ ಹಚ್ಚಿ, ಡಾಕ್ಟರಗೆ ಹೇಳ್ತೇನ್ರಿ.”

“ಡಾಕ್ಟರ್ ಫೋನ್ ಎತ್ತಲಿಲ್ಲ.”

ದುರ್ಗವ್ವ ಮೊದಲ ಸಲ ನಕ್ಕಳು. “ಎತ್ತೂತನ ಬಿಡಂಗಿಲ್ರಿ. ಬಿ.ಪಿ., ನಾಡಿ ನೋಡಿಕೋತ ಅಲ್ಲೇ ನಿಂದರ್ತೇನಿ.”

“ಹೂಂ” ಎಂದಳು ಭುವನೇಶ್ವರಿ. “ಐತವಾರ ಖಾಲಿ ಇದ್ದೀ ಏನ? ಕಾಸಿಂಬಿ ಅಂತ ಒಬ್ಬಾಕಿ ಅದಾಳ. ಭಾಳ ಬೈತಾಳ, ಹೇಳಿರ್ತೇನಿ.”